ಕೇಳಿದ್ದು ಇಲ್ಲಿ, ಕೊಂಡದ್ದು ಅಲ್ಲಿ

ಒಂದು ಪಟ್ಟಣದಲ್ಲಿ ಒಬ್ಬ ಸಿರಿವಂತನಿದ್ದ. ಹೆಸರು ಬೇಡ, ಹೇಳಿದರೆ ಈ ಸಭೆಯಲ್ಲೇ ಹತ್ತು ಜನ ತಲೆ ತಗ್ಗಿಸಬೇಕಾದೀತು. ಗ್ರಾನೈಟ್ ವ್ಯಾಪಾರ, ಯಾವುದಕ್ಕೂ ಕೊರತೆಯಿಲ್ಲ. ಆದರೆ ಹೆಂಡತಿ ತೀರಿಕೊಂಡ ದಿನದಿಂದ ಅವನ ಒಂಬತ್ತು ವರ್ಷದ ಮಗಳು ಮಾತೇ ಬಿಟ್ಟಳು. ಎರಡು ತಿಂಗಳು, ನೋಡಿ, ಒಂದು ಶಬ್ದವಿಲ್ಲ. ಡಾಕ್ಟರಾಯಿತು, ಹರಕೆಯಾಯಿತು. ಇಲ್ಲ.

ಆ ಪಟ್ಟಣದಲ್ಲಿ ಒಂದು ದೊಡ್ಡ ಪುಸ್ತಕದಂಗಡಿಯಿತ್ತು. ಹನ್ನೆರಡು ಊರುಗಳಲ್ಲಿ ಅಂಗಡಿಗಳಿದ್ದ ಕಂಪನಿ. ಮಕ್ಕಳ ವಿಭಾಗ ನೋಡಿಕೊಳ್ಳುತ್ತಿದ್ದವಳು ಸರ್ವಮಂಗಳ. ಈತ ಮಗಳನ್ನು ಕರೆದೊಯ್ದು, "ನೋಡಮ್ಮ, ಇವಳು ಮಾತಾಡಲ್ಲ. ಏನಾದ್ರೂ ಪುಸ್ತಕ ಇದ್ರೆ ತೋರ್ಸು" ಎಂದ.

ಸರ್ವಮಂಗಳ ಪುಸ್ತಕ ತೋರಿಸಲಿಲ್ಲ. ಮಗುವಿನ ಪಕ್ಕದಲ್ಲಿ ನೆಲದ ಮೇಲೇ ಕುಳಿತಳು. ಒಂದು ಕತೆ ತೆಗೆದು ಮೆಲ್ಲಗೆ ಓದತೊಡಗಿದಳು. ಅಮ್ಮನನ್ನು ಕಳೆದುಕೊಂಡ ಆನೆಮರಿಯ ಕತೆ. ಅರ್ಧಕ್ಕೆ ಬಂದು, ಬೇಕೆಂದೇ ನಿಲ್ಲಿಸಿದಳು.

"ಆಮೇಲೆ?" ಎಂದಿತು ಮಗು.

ಕೇಳಿದಿರಾ? ಎರಡು ತಿಂಗಳ ಮೇಲೆ ಬಂದ ಮೊದಲ ಮಾತು! ಅಪ್ಪನ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡ. ಒರೆಸಿಕೊಂಡು ಏನು ಮಾಡಿದ? ಫೋನು ತೆಗೆದ. ಪುಸ್ತಕದ ರಕ್ಷಾಪುಟದ ಫೋಟೋ ಹೊಡೆದ. ಅಲ್ಲೇ, ಅವಳ ಎದುರಿಗೇ, ಆರ್ಡರ್ ಮಾಡಿದ! "ಇದ್ರಲ್ಲಿ ಸ್ವಲ್ಪ ಕಡಿಮೆಗೆ ಸಿಗ್ತದಮ್ಮ. ನಾಳೆ ಮನೆಗೇ ಬರ್ತದೆ" ಎಂದ. ಸರ್ವಮಂಗಳ ಪುಸ್ತಕವನ್ನು ಮಡಚಿ ಮತ್ತೆ ಕಪಾಟಿನಲ್ಲಿಟ್ಟಳು.

ಒಂದು ಸಲವೇ? ವರ್ಷವಿಡೀ ಭಾನುವಾರ ಭಾನುವಾರ ಬಂದ. ಮಗು ಅವಳ ಮಡಿಲಲ್ಲಿ ಓದಿನ ರುಚಿ ಕಂಡಿತು, ಮತ್ತೆ ನಗು ಕಲಿಯಿತು. ಪುಸ್ತಕ ಮಾತ್ರ ಫೋನಿನಲ್ಲಿ ಬಂತು.

ಒಂದು ಭಾನುವಾರ ಹೋದರೆ ಷಟರ್ ಇಳಿದಿದೆ. ಹನ್ನೆರಡು ಊರುಗಳ ಅಂಗಡಿಗಳನ್ನೂ ಮುಚ್ಚಿದ್ದೇವೆ ಎಂಬ ಚೀಟಿ. ಮಗು ಅತ್ತಿತು. ಹುಡುಕಿ ಹುಡುಕಿ, ಕೊನೆಗೆ ಸರ್ವಮಂಗಳ ಸಿಕ್ಕಿದ್ದು ಒಂದು ಸೂಪರ್ ಮಾರ್ಕೆಟ್ಟಿನಲ್ಲಿ, ಸೋಪು ಜೋಡಿಸುತ್ತ.

ನಮ್ಮ ಸಿರಿವಂತನಿಗೆ ಸಿಟ್ಟು ಬಂತು! "ಏನಮ್ಮ ಇದು? ಅಷ್ಟು ದೊಡ್ಡ ಕಂಪನಿ, ಹೇಳದೆ ಕೇಳದೆ ಮುಚ್ಚಿಬಿಡೋದಾ? ನಮ್ಮಂಥ ಗಿರಾಕಿಗಳ ಗತಿ ಏನು?"

ಸರ್ವಮಂಗಳ ಇನ್ನೊಂದು ಸೋಪು ಜೋಡಿಸಿದಳು. ಮಗು ಸುಮ್ಮನಿರಲಿಲ್ಲ.

"ಅಪ್ಪಾ, ನಾವು ಅಲ್ಲಿ ಒಂದಾದ್ರೂ ಪುಸ್ತಕ ತಗೊಂಡಿದ್ವಾ?"

ಅವನು ತಲೆ ತಗ್ಗಿಸಿದ. ಸೋಪಿನ ಕಪಾಟುಗಳ ನಡುವೆ ಕಳ್ಳನ ಹಾಗೆ ನಿಂತ.

ಯಾಕೆ ನಗುತ್ತೀರಿ? ನಿಮ್ಮಲ್ಲಿ ಎಷ್ಟು ಜನ ಹೀಗೆ ಮಾಡಿಲ್ಲ? ಕೈ ಎತ್ತಿ ನೋಡೋಣ! ಇನ್ನೊಬ್ಬರ ತಿಳಿವಳಿಕೆ ಬೇಕು, ಅವರ ಹೊತ್ತು ಬೇಕು, ಅವರ ಫ್ಯಾನಿನ ಗಾಳಿ ಬೇಕು. ಅವರ ಅನ್ನ ಮಾತ್ರ ಬೇಡ. ಇದು ಜಾಣತನವೇ? ಅಲ್ಲ. ಇದು ಕದಿಯುವುದು. ಕಾಯಕವನ್ನೇ ಕದಿಯುವುದು! ಆಮೇಲೆ "ಕಾಲ ಕೆಟ್ಟಿತು" ಎನ್ನುತ್ತೀರಿ. ಕಾಲಕ್ಕೆ ಕೈಯಿದೆಯೇ, ಷಟರ್ ಎಳೆಯಲು?

ಅಂಗಡಿಯೇ ಇಲ್ಲದ ಊರಿನವರು ಫೋನಿನಲ್ಲಿ ತರಿಸಿಕೊಳ್ಳಲಿ, ನಾನು ಬೇಡವೆನ್ನುವುದಿಲ್ಲ. ಆದರೆ ನೀವು? ಇನ್ನು ಮೇಲೆ ಪುಸ್ತಕವಾಗಲಿ, ಚಪ್ಪಲಿಯಾಗಲಿ, ಯಾರ ಎದುರು ನಿಂತು ಕೇಳುತ್ತೀರೋ ಅವರಲ್ಲೇ ಕೊಳ್ಳಿ. ಕೊಳ್ಳುವ ಮನಸ್ಸಿಲ್ಲವೇ, ಅವರನ್ನು ಏಳಿಸಬೇಡಿ, ಕೂರಿಸಬೇಡಿ, ಓದಿಸಬೇಡಿ. ಹೊಸ್ತಿಲನ್ನೇ ತುಳಿಯಬೇಡಿ.