ಗಿಳಿಯ ಐದನೇ ಬೆರಳು

ಬಸ್ಸಿಗೆ ಕಾದು ಕಾದು ನನಗೆ ಇನ್ನೊಂದು ಸಲ ಮುಪ್ಪು ಬಂದಿತ್ತು. ಪಕ್ಕದಲ್ಲಿ ಕೋರ್ಟಿನಿಂದ ಬಂದ ಯಾರೋ ಇಬ್ಬರು ಹೆಂಗಸರು, ಅತ್ತಿಗೆ ಮತ್ತು ನಾದಿನಿ, ಕೂತಿದ್ದರು. ಅತ್ತಿಗೆಯ ಮಡಿಲಲ್ಲಿ ಗಿಳಿ ನೇಯ್ದ ಹೊದಿಕೆ.

“ಕೊನೆಗೂ ಗಿಳಿ ನಿಮ್ದೇ ಅಂದ್ರಲ್ಲ ಜಡ್ಜು!”

“ಹೂಂ ಕಣೇ. ನಾಳೆಯಿಂದ ಮತ್ತೆ ಮಗ್ಗ ಶುರು.”

“ಡಿಸೈನ್ ಕದ್ದಿದ್ದು ಆ ಬಟ್ಟೆ ಮಿಲ್ಲಿನೋರು, ಕಳ್ಳಿ ಅಂತ ನೋಟಿಸು ನಿಮಗೆ! ಒಳಗೆ ಏನ್ ತೋರಿಸಿದ್ರಿ ಅತ್ತಿಗೆ?”

“ಗಿಳಿ ಕಾಲು. ನಾನು ಬರೆದ ನಕ್ಷೆಯಲ್ಲಿ ಎರಡೂ ಕಾಲಿಗೆ ನಾಲ್ಕೇ ಬೆರಳು. ನೇಯುವಾಗ ತಪ್ಪಿ ಎಡಗಾಲಿಗೆ ಐದಾಯ್ತು. ಮಿಲ್ಲಿನೋರ ನಕ್ಷೆಯಲ್ಲೇ ಐದು!”

“ಅಂದ್ರೆ ನಿಮ್ಮ ಬಟ್ಟೆ ನೋಡ್ಕೊಂಡೇ ಬರೆದಿದ್ದಾರೆ!”

“ಮತ್ತೆ? ಹೇಗೆ ತಪ್ಪಿತು ಅಂತ ಜಡ್ಜು ಕೇಳಿದ್ರು. ನಿಮ್ಮಣ್ಣನ ಜೊತೆ ಜಗಳ ಆಡ್ತಾ ಎಳೆ ಎಣಿಸಿದೆ ಅಂದೆ.”

“ಅಯ್ಯೋ, ತುಂಬಿದ ಕೋರ್ಟಲ್ಲಿ ನಮ್ಮಣ್ಣನ ಮಾನ ಕಳೆದ್ರಾ?”

“ಗಿಳಿ ಉಳೀತಲ್ಲ! ಇನ್ಮೇಲೆ ಹೊಸ ಡಿಸೈನ್ ನೇಯುವಾಗೆಲ್ಲ ನಿಮ್ಮಣ್ಣ ಎದುರಿಗೆ ಕೂತು ಜಗಳ ಆಡ್ಲೇಬೇಕು.”

ಅವರ ಬಸ್ಸು ಬಂತು. ಇಬ್ಬರೂ ನಗುತ್ತಲೇ ಹತ್ತಿ ಹೋದರು. ನಮ್ಮ ಯಜಮಾನರು ಬದುಕಿದ್ದ ಕಾಲದಲ್ಲಿ ನಾನು ಮಗ್ಗಕ್ಕೆ ಕೂತಿದ್ದರೆ, ಆ ಗಿಳಿಗೆ ಸಾವಿರ ಬೆರಳಿರುತ್ತಿದ್ದವು.