ದೀಕ್ಷೆ ಬ್ಯಾರೆ, ಲೈಸೆನ್ಸ್ ಬ್ಯಾರೆ

ಇಲ್ಲ ಹಾಲಪ್ಪನವರೆ, ನೀವು ಈಗ ಏನೂ ಅನಬ್ಯಾಡ್ರಿ. ಮೊದ್ಲ ನಂದು ಕೇಳ್ರಿ. ಹುಬ್ಬಳ್ಳಿಯಿಂದ ಇಷ್ಟು ದೂರ ಬಂದೀರಿ, ವಡೋದರಾ ಸ್ಟೇಷನ್‌ನ್ಯಾಗ ಇಳದವರು ನೆಟ್ಟಗ ಕೊಯಾಲಿಗೆ, ನಮ್ಮ ಮನಿಗೇ ಬಂದೀರಿ. ಪಾಸ್ಟರ್ ಮನಿ ಗೋರ್ವಾದಾಗ, ದಾರಿ ಮ್ಯಾಲ ಇತ್ತು. ಅಲ್ಲೆ ಸೈತ ಇಳೀಲಿಲ್ಲ. ಅಂದ್ರ ವಿಠ್ಠಲ ಪಾಸ್ಟರು ಫೋನಿನ್ಯಾಗ ನಿಮಗ ಎಲ್ಲಾ ಹೇಳೇಬಿಟ್ಟಾರ. ಅಷ್ಟು ತಿಳೀತೈತಿ ನನಗ... ತಲಿ ಯಾಕ ಅಲ್ಲಾಡಸ್ತೀರಿ? ಚಾ ತಗೋರಿ, ಆರತೈತಿ.

ಸ್ವಲ್ಪ ಮೆಲ್ಲಕ ಮಾತಾಡೂಣು. ಮಗಳು ಪ್ರತೀಕ್ಷಾ ಒಳಗ ಮಲಗ್ಯಾಳ. ಬಸುರಿ ಹುಡುಗಿ, ರಾತ್ರಿ ನಿದ್ದಿ ಹತ್ತೂದಿಲ್ಲ ಆಕಿಗೆ. ನಮ್ಮನಿಯವರು ಡ್ಯೂಟಿಗೆ ಹೋಗ್ಯಾರ. ಚಲೋನ ಆತು. ಅವ್ರು ಇದ್ದಿದ್ರ ನಿಮ್ಮನ್ನ ಬಾಗಲದಾಗ ನಿಂದ್ರಿಸಿ ಮಾತಾಡ್ತಿದ್ರು.

ನೀವು ಸಭೆ ಹಿರಿಯರು. ಆ ಮನಶ್ಯಾನ ತಲಿ ಮ್ಯಾಲ ಕೈ ಇಟ್ಟು ದೀಕ್ಷೆ ಕೊಟ್ಟವರು ನೀವ. ಈಗ ತಗಿಯೋದೂ ಇಡೋದೂ ನಿಮ್ಮ ಕೈಯಾಗ ಐತಿ. ತಗೀರಿ ಅಂತ ನಾ ಅನ್ನೂದಿಲ್ಲ, ನೋಡ್ರಿ ಮತ್ತ. ನನ್ನ ಹೊಟ್ಟ್ಯಾಗ ಅಂಥಾ ಕಿಚ್ಚಿಲ್ಲ. ಒಬ್ಬರ ಮಾತು ಕೇಳಿ ತೀರ್ಪು ಮಾಡಬ್ಯಾಡ್ರಿ, ಅಷ್ಟ.

ಅವ್ರು ನಮಗ ಹೊಸಬರಲ್ಲ. ಗೋರ್ವಾದಾಗ ಪಂಪ್ ಮಾಡೋ ಕಾರ್ಖಾನ್ಯಾಗ ಲೇತ್ ಮ್ಯಾಲ ನಿಂತು ಕೆಲಸಾ ಮಾಡತಿದ್ರು. ಭಾನುವಾರಕ್ಕೊಮ್ಮೆ ಟೇಲರ್ ಅಂಗಡಿ ಮ್ಯಾಲಿನ ಖೋಲಿಯೊಳಗ ನಾವು ಕನ್ನಡದವರು ಕೂಡತಿದ್ವಿ. ನರ್ಸ್ ಹುಡುಗ್ಯಾರು, ಕಾಲೇಜಿನ ಹುಡುಗೂರು, ನಮ್ಮಂಥಾ ನಾಕು ಸಂಸಾರ. ಬೈಬಲ್ ಓದಾಕ ಒಬ್ರು ಬೇಕಿತ್ತು, ಅವ್ರು ಓದತಿದ್ರು. ಹೆಸರು ಬದಲಾಯಿಸ್ಕೋರಿ, ವಿಠ್ಠಲ ಅನ್ನೋ ಪಾಸ್ಟರ್ ಎಲ್ಲೆ ಇದ್ದಾರು ಅಂತ ನಾವ ಕಾಡಸ್ತಿದ್ವಿ. ಅಪ್ಪ ಇಟ್ಟ ಹೆಸರು, ಯೇಸುಸ್ವಾಮಿಗೆ ಇದರಿಂದ ಏನೂ ತೊಂದ್ರಿಲ್ಲ ಅಂತಿದ್ರು. ರಜಾ ಸಿಕ್ಕಾಗೆಲ್ಲ ಮಂದಿ ಊರಿಗಿ ಹೋದ್ರ ಅವ್ರು ಹುಬ್ಬಳ್ಳಿಗಿ ನಿಮ್ಮ ಕಡೆ ಪರೀಕ್ಷಾ ಕೊಡಾಕ ಬರತಿದ್ರು. ಹೆಂಡ್ತಿ ಗಿರಿಜಾ ಆವಾಗೆಲ್ಲ ನಮ್ಮನ್ಯಾಗ ಇರತಿದ್ಲು. ನಾವಿಬ್ರೂ ಕೂಡಿ ಶಾವಿಗಿ ಹಾಕತಿದ್ವಿ ಬಾಲ್ಕನಿಯೊಳಗ. ನನ್ನ ತಂಗಿದ್ದಂಗ ಆಕಿ... ಇದ್ಲು.

ದೀಕ್ಷೆ ದಿನಾ ನೀವು ನೋಡೀರಲಾ. ಆ ಬಿಳಿ ನಿಲುವಂಗಿ ಹೊಲಿಸಿಕೊಟ್ಟಾಕಿ ನಾನ. ನೀವೆಲ್ಲಾ ಹಿರಿಯರು ತಲಿ ಮ್ಯಾಲ ಕೈ ಇಟ್ಟಾಗ ಮನಶ್ಯಾ ಹುಡುಗನಂಗ ಅತ್ತುಬಿಟ್ರು. ತಿರುಗಿ ಬರೋ ರೈಲಿನ್ಯಾಗ ನಮ್ಮನಿಯವ್ರು ಚ್ಯಾಷ್ಟಿ ಮಾಡಿದ್ರು, ಇನ್ನ ಮ್ಯಾಲ ನಿಮ್ಮನ್ನ ಅಯ್ಯನವ್ರ ಅನಬೇಕೇನು ಅಂತ. ಅದಕ್ಕ ಅವ್ರು, ಲೇತ್ ಮ್ಯಾಲ ಇದ್ದಾಗ ವಿಠ್ಠಲ ಅನ್ರಿ, ಉಳದಾಗ ನಿಮ್ಮಿಷ್ಟ ಅಂದಿದ್ರು.

ಅಂಥವ್ರು ಹಿಂಗ ಮಾಡಬಹುದೇನ್ರಿ? ಮದುವಿ ಮಾಡಸಾಕ ಸರಕಾರದ ಲೈಸೆನ್ಸ್ ಬೇಕು, ಅದು ಇಲ್ಲದ ಮಾಡಿಸಿದ್ರ ಆ ಮದುವಿ ಮದುವಿನೇ ಅಲ್ಲ ಅಂತ ನಮಗ ಒಂದ್ ಮಾತು ಹೇಳಬಾರದಿತ್ತೇನು? ನಾವು ಸಾದಾ ಮಂದಿ. ದೀಕ್ಷೆ ಬ್ಯಾರೆ, ಲೈಸೆನ್ಸ್ ಬ್ಯಾರೆ ಅಂತ ನಮಗ ಹೆಂಗ ತಿಳೀಬೇಕು? ಪ್ರತೀಕ್ಷಾನ ಮದುವ್ಯಾಗ ನಿಲುವಂಗಿ ಹಾಕ್ಕೊಂಡು ಎದುರಿಗಿ ನಿಂತ್ರು, ಉಂಗುರಾ ಹಾಕಸಿದ್ರು, ಪ್ರಾರ್ಥನಾ ಮಾಡಿದ್ರು. ಆತು ಅಂತ ತಿಳಕೊಂಡ್ವಿ.

ತಡೀರಿ, ತಡೀರಿ. ನೀವು ಬಾಯಿ ತಗದ್ರ ನನ್ನ ಮಾತು ತಪ್ಪಿಹೋಗ್ತೈತಿ.

ಹುಡುಗನ ವಿಷಯಾನೂ ಹೇಳಬೇಕು. ಸುಧನ್ವ ಅಂತ. ಉಡುಪಿ ಕಡೆಯವರು, ಹಿಂದೂಗಳು. ಅಪ್ಪ ವಾಸುದೇವರದು ಅಹಮದಾಬಾದಿನ್ಯಾಗ ದೋಸೆ ಹೋಟ್ಲು. ನಮ್ಮ ಹುಡುಗಿ ಅದ ಊರಾಗ ವಸ್ತ್ರಾಪುರದಾಗ ರೂಮು ಮಾಡಿ ಕೆಲಸಕ್ಕ ಹೋಗ್ತಿದ್ಲು, ದಿನಾ ಸಂಜಿಗೆ ಅಲ್ಲೇ ಊಟಾ. ಹಂಗ ಗುರ್ತು ಆತು. ಅವನ ತಾಯಿ ತಾರಾ ಒಮ್ಮೆ ಹೂಂ ಅಂತಾಳ, ಒಮ್ಮೆ ಊಹೂಂ ಅಂತಾಳ. ಸೂರತ್‌ನ್ಯಾಗ ಅವನ ಕಾಕಾ ಒಬ್ಬಾವ, ಅವನ ಮಾತು ಅವ್ರ ಮನ್ಯಾಗ ಕೊನಿ ಮಾತು. ಆತ ಇನ್ನೂ ಒಪ್ಪಿದ್ದಿಲ್ಲ. ಹುಡುಗ ಕೆಟ್ಟಾವಲ್ಲ ಹಾಲಪ್ಪನವರೆ. ಅಂಜಬುರುಕ. ಗಾಳಿ ಬಂದ ಕಡೆ ತೂರಿಕೊಳ್ಳಾಂವ.

ಪಾಸ್ಟರು ಭಾಳ ಕಟ್ಟುನಿಟ್ಟಿನವ್ರು, ಅದನ್ನ ನಾ ಇಲ್ಲ ಅನ್ನೂದಿಲ್ಲ. ನಮ್ಮ ನರ್ಸ್ ಹುಡುಗಿ ಚಿನ್ಮಯಿ ಮದುವಿ ಮಾಡಸ್ರಿ ಅಂತ ಬಂದಾಗ ಆಗೂದಿಲ್ಲ ಅಂದ್ರು. ಭಾನುವಾರ ಎಲ್ಲಾರ ಮುಂದನ ಹೇಳಿದ್ರು. ನಾ ನಿಮಗ ದೀಕ್ಷಾಸ್ನಾನ ಕೊಡಬಹುದು, ಸತ್ರ ಮಣ್ಣು ಮಾಡಬಹುದು, ಮದುವಿ ಮಾಡಿಸೋ ಹಕ್ಕು ಮಾತ್ರ ಸರಕಾರ ಕೊಡಬೇಕು, ಗಾಂಧಿನಗರಕ್ಕ ಅರ್ಜಿ ಹಾಕೇನಿ, ಅದು ಬರೋ ತನಕಾ ಮೊದ್ಲ ರಿಜಿಸ್ಟ್ರಾರ್ ಕಡೆ ಹೋಗ್ರಿ, ಆಮ್ಯಾಲ ನನ್ನ ಕಡೆ ಆಶೀರ್ವಾದಕ್ಕ ಬರ್ರಿ ಅಂತ. ಆ ಹುಡುಗಿ ಅಳಕೋತ ಹೋತು, ಆದರೂ ಅವ್ರು ಜಗ್ಗಲಿಲ್ಲ...

ಯಾಕ ಹಂಗ ನೋಡ್ತೀರಿ?

ಹೌದು. ಆ ಭಾನುವಾರ ನಾನೂ ಇದ್ದೆ. ಮುಂದಿನ ಸಾಲಿನ್ಯಾಗ ಕುಂತಿದ್ದೆ. ಗೊತ್ತಿದ್ದಿಲ್ಲ ಅಂತ ಈಗಷ್ಟ ಅಂದೆ, ಖರೆ. ಕೇಳಿದ್ದೆಲ್ಲಾ ತಲ್ಯಾಗ ಉಳೀತೈತೇನ್ರಿ? ನಮ್ಮ ಮನಿ ಮದುವಿ ಅಲ್ಲ, ಯಾರದೋ ಮದುವಿ ಅಂತ ಕೇಳಿ ಬಿಟ್ಟಿದ್ದೆ.

ರಿಜಿಸ್ಟ್ರಾರ್ ಕಡೆ ಹೋಗೂದು ಹೇಳಿದಷ್ಟು ಹಗುರಲ್ಲ. ಅಲ್ಲೆ ಬೋರ್ಡಿಗೆ ನೋಟಿಸ್ ಹಚ್ಚತಾರ. ಇಂಥವನ ಮಗಾ, ಇಂಥವನ ಮಗಳು ಅಂತ, ಹೋಗೋರು ಬರೋರು ಓದಬೇಕು, ತಿಂಗಳಗಟ್ಟಲೆ. ದೊಡ್ಡ ಚರ್ಚಿನ್ಯಾಗ ಆದ್ರ ಸಭೆ ಮುಂದ ಹೆಸರು ಕೂಗತಾರ. ಅಷ್ಟರಾಗ ಆ ಸೂರತ್ ಕಾಕಾನ ಕಿವಿಗಿ ಬಿತ್ತಂದ್ರ? ತಾರಾ ಊಹೂಂ ಅಂದ್ರ? ಹುಡುಗ ಮನಸ್ಸು ತಿರುವಿದ್ರ? ಕೈಗಿ ಬಂದ ತುತ್ತು ಬಾಯಿಗಿ ಬರಲಿಲ್ಲ ಅನ್ನೂವಂಗ ಆಗಬಾರದು ಅಂತ ನನ್ನ ಜೀವ ಹೊಡ್ಕೋತಿತ್ತು. ನಮ್ಮ ಹುಡುಗಿ ಅವನ ಜೋಡಿ ತಿರುಗಾಡಿದ್ದು ಈ ಟೌನ್‌ಶಿಪ್ಪಿನ್ಯಾಗ ಯಾರಿಗಿ ಗೊತ್ತಿಲ್ಲ? ಕಮಲಾಬೆನ್, ಲಗ್ನ ಯಾವಾಗ, ಕಮಲಾಬೆನ್, ಲಗ್ನ ಯಾವಾಗ ಅಂತ ಲಿಫ್ಟಿನ್ಯಾಗ ನಿಂತ್ರ ಅದ, ಭಾಜಿ ತರಾಕ ಹೋದ್ರ ಅದ. ಒಮ್ಮೆ ಆಗಿಹೋದ್ರ ಮುಂದ ಎಲ್ಲಾ ಸುದ್ದ ಆಗ್ತೈತಿ ಅನಿಸ್ತು. ತಾಯಿ ಆದಾಕಿಗೆ ಹಂಗ ಅನಸೂದು ತಪ್ಪೇನು?

ಮದುವಿ ಆತು. ಹುಡುಗನ ಅಪ್ಪ, ಅವ್ವ ಬಂದು ಸುಮ್ಮಕ ಕುಂತು ಉಂಡು ಹೋದ್ರು. ಪ್ರತೀಕ್ಷಾ ಎಷ್ಟು ಚಂದ ಕಾಣತಿದ್ಲು ಅವತ್ತ... ಆಮ್ಯಾಲ ಆ ಕಾಕಾ ಹುಡುಗನ್ನ ಸೂರತ್ತಿಗೆ ಕರಸ್ಕೊಂಡ. ಹೊಸಾ ಹೋಟ್ಲು, ನೀನ ನೋಡ್ಕೋಬೇಕು ಅಂದ. ಮೊದಮೊದಲ ವಾರಕ್ಕೊಮ್ಮೆ ಬಂದ. ಆಮ್ಯಾಲ ಫೋನು. ಆಮ್ಯಾಲ ಅದೂ ಇಲ್ಲ. ನಮ್ಮನಿಯವರು ಸೂರತ್ತಿಗೆ ಹೋಗಿ ಕೇಳಿದ್ರ ಕಾಕಾ ವಕೀಲನ್ನ ಬಾಜೂಕ ಕೂಡಿಸ್ಕೊಂಡಿದ್ದ. ಮದುವಿ ಮಾಡಿಸಿದಾತಗ ಲೈಸೆನ್ಸ್ ಇಲ್ಲ, ಮದುವಿನ ಆಗಿಲ್ಲ, ಇನ್ನ ಹೆಂಡ್ತೀನ್ನ ಬಿಟ್ಟ ಅಂತ ಹೆಂಗ ಅಂತೀರಿ, ಅಂದ್ರಂತ. ನಮ್ಮನಿಯವರು ತಿರುಗಿ ಬಂದು ಈ ಖುರ್ಚಿ ಮ್ಯಾಲ, ನೀವು ಕುಂತಲ್ಲೇ, ಬೂಟು ಬಿಚ್ಚದ ಕುಂತಿದ್ರು.

ಮರುದಿನ ಗೋರ್ವಾಕ್ಕ ಹೋದ್ವಿ. ನಾನೂ ಹೋಗಿದ್ದೆ. ನಮ್ಮನಿಯವರು ಅಂಗಳದಾಗ ನಿಂತು ಬಾಯಿಗಿ ಬಂದಂಗ ಬೈದ್ರು. ಮಂದಿ ಕೂಡಿತು. ನಾ ಅವ್ರ ಹಿಂದ ನಿಂತಿದ್ದೆ. ಪಾಸ್ಟರು ಅವ್ರ ಹೆಗಲ ಮ್ಯಾಲಿಂದ ನನ್ನ ಒಮ್ಮೆ ನೋಡಿದ್ರು. ಒಮ್ಮೆ ಅಷ್ಟ. ಆಮ್ಯಾಲ, "ತಪ್ಪು ನಂದು. ನಾ ವಿಚಾರ ಮಾಡದ ಮದುವಿಗೆ ನಿಂದ್ರಬಾರದಿತ್ತು," ಅಂದ್ರು. ಗಿರಿಜಾ ಒಳಗಿನಿಂದ ಹೊರಗ ಬರಲಿಲ್ಲ. ನಮ್ಮನಿಯವರು ದೂರು ಕೊಟ್ಟಾಗ ಪೊಲೀಸರಿಗೂ ಪಾಸ್ಟರು ಅಷ್ಟ ಹೇಳಿದ್ರಂತ, ತಪ್ಪು ನಂದು ಅಂತ. ಟೇಲರ್ ಖೋಲಿಗೆ ಮಾಲಕ ಕೀಲಿ ಹಾಕ್ಯಾನ. ಈಗ ಭಾನುವಾರ ಯಾರೂ ಎಲ್ಲೂ ಕೂಡೂದಿಲ್ಲ.

ಅವತ್ತ ಪಾಸ್ಟರು ನೋಡಿದ್ರಲಾ ನನ್ನ, ಅದನ್ನ ನಾ ಮರತಿಲ್ಲ. ಈಗ ಸುಮ್ಮಕಿದ್ದೇನಿ, ಮುಂದ ಹೇಳೂವಲ್ಲೆ ಹೇಳತೇನಿ ಅನ್ನೂವಂಗ ಇತ್ತು ಆ ನೋಟ. ಈಗ ನೀವು ಬಂದೀರಿ. ಹೇಳ್ಯಾರ ನಿಮಗ. ರಿಜಿಸ್ಟರ್ ಆಗೇತಿ ಅಂತ ಕಮಲಾಬಾಯಿ ಹೇಳಿದ್ಲು, ಅದನ್ನ ನಂಬಿ ಬರೇ ಆಶೀರ್ವಾದ ಮಾಡಾಕ ಬಂದಿದ್ದೆ ಅಂದಾರ. ಹೌದಲ್ಲೋ?

ನಾ ಹಂಗ ಅಂದಿಲ್ಲ. ಆಗ್ತೈತಿ ಅಂದಿದ್ದೆ. ಆಗೇತಿ ಅಂತ ಅಲ್ಲ, ಆಗ್ತೈತಿ ಅಂತ. ಅಹಮದಾಬಾದಿನ್ಯಾಗ ರಿಜಿಸ್ಟರ್ ಆಗ್ತೈತಿ, ನೀವು ಬಂದು ಪ್ರಾರ್ಥನಾ ಮಾಡ್ರಿ ಅಂದೆ. ಅವ್ರು ತಪ್ಪು ಕೇಳಿಸ್ಕೊಂಡ್ರ ಅದಕ್ಕ ನಾ ಏನು ಮಾಡ್ಲಿ? ಮದುವಿ ಮುಂಜಾನೆ ಬಾಗಲದಾಗ ನಿಂತು ಮತ್ತೊಮ್ಮೆ ಕೇಳಿದ್ರು, ಕಾಗದಾ ಒಮ್ಮೆ ನೋಡಬೇಕಿತ್ತು ಅಂತ. ಒಳಗ ಹುಡುಗಿ ಮಲ್ಲಿಗಿ ಮುಡ್ಕೋಳಾಕ ಹತ್ತಿದ್ಲು. ಆಕಿಗೆ ಕೇಳಿಸಬಾರದು ಅಂತ ನಾ ಬಾಗಲಾ ಮುಂದ ಮಾಡ್ಕೊಂಡೆ... ನನ್ನ ಮಾತಿನ ಮ್ಯಾಲ ವಿಶ್ವಾಸ ಇಲ್ಲೇನ್ರಿ ಪಾಸ್ಟರ್, ನಿಮ್ಮ ನಿಲುವಂಗಿ ಹೊಲಿಸಿದಾಕಿ ನಾನು, ಅಂದೆ. ಅಷ್ಟ ಅಂದೆ. ಅವ್ರು ತಲಿ ತಗ್ಗಿಸಿ ಒಳಗ ಬಂದ್ರು.

ಏನರ ಅನ್ರಿ ಈಗ. ಇದನ್ನ ಹೇಳ್ಯಾರೋ ಇಲ್ಲೋ?

ಇದನ್ನ ಕೇಳಾಕ ಅಲ್ಲೇನು ನೀವು ಬಂದಿದ್ದು? ಯಾಕ ಹಂಗ ಬೆರಗಾಗಿ ಕುಂತ್ರಿ... ಹಾಲಪ್ಪನವರೆ? ಫೋನಿನ್ಯಾಗ ಏನಂದ್ರು ಅವ್ರು? ನನ್ನ ಹೆಸರು...

ಹೆಸರ ತಗೀಲಿಲ್ಲೇನು?

ಒಂದ ಮಾತೂ?

ಹಂಗಾರ ಮೊದ್ಲ ನಮ್ಮನಿಗೇ ಯಾಕ ಬಂದ್ರಿ ನೀವು? ಯಾಕ ಎದ್ರಿ? ಕೂಡ್ರಿ... ಇದೇನು ಮಾಡತೀರಿ? ಕೈ ಯಾಕ ಮುಗೀತೀರಿ ನನಗ? ಇದಕ್ಕ ಬಂದಿದ್ರೇನು? ಅವ್ರ ಹೇಳಿ ಕಳಿಸ್ಯಾರೇನು, ಗೋರ್ವಾದಾಗ ಇಳೀಬ್ಯಾಡ್ರಿ, ಮೊದ್ಲ ಆ ತಾಯಿ ಕಡೆ, ಆ ಹುಡುಗಿ ಕಡೆ ಹೋಗಿ ನನ್ನ ಪರವಾಗಿ ಕ್ಷಮಾ ಕೇಳ್ರಿ ಅಂತ...

ಬ್ಯಾಡ್ರಿ. ಕೈ ಇಳಸ್ರಿ. ನಿಮ್ಮ ಕಾಲಿಗಿ ಬೀಳ್ತೇನಿ, ಇಳಸ್ರಿ. ಒಳಗ ಪ್ರತೀಕ್ಷಾ ಎದ್ದಾಳ, ಬಳಿ ಸಪ್ಪಳ ಕೇಳಸ್ತೈತಿ. ಈಗ ಬಾಗಲಾ ತಗೀತಾಳ ಆಕಿ. ನೀವು ಹಿಂಗ ನಿಂತದ್ದು ನೋಡಿ, ಇವ್ರು ನಿನಗ ಯಾಕ ಕೈ ಮುಗದಾರವ್ವಾ ಅಂತ ಕೇಳಿದ್ರ, ನಾ ಆಕಿಗೆ ಏನಂತ ಹೇಳ್ಲಿ?