ಮಿಲ್ಲಿನೊಳಗೆ ಸಿಕ್ಕಿಕೊಂಡ ಕಲ್ಲು

ಬಾಗಿಲು ಹಾಕಿಬಿಡಿ. ಹೊಳೆ ಕಡೆ ಕಿಟಕಿನೂ... ಹಾಂ. ಈಗ ಹೇಳ್ತೀನಿ. ನಗೋರು ಆಮೇಲೆ ನಕ್ಕೊಳ್ಳಿ, ಮಧ್ಯೆ ಬಾಯಿ ಹಾಕಬೇಡಿ. ಇದು ಯಾರೋ ಯಾರಿಗೋ ಹೇಳಿದ ಅಂತೆ ಕಂತೆ ಅಲ್ಲ. ನಮ್ಮ ಚಿಕ್ಕಪ್ಪನ ಮಗ ಮರಿಯಪ್ಪನಿಗೆ ಆದದ್ದು. ಕೊನೆಗೆ ನಡೆದದ್ದನ್ನ ನಾನೇ ಕಣ್ಣಾರೆ ಕಂಡಿದ್ದೀನಿ.

ಎಪ್ಪತ್ತರ ದಶಕದ ಮಾತು. ಮರಿಯಪ್ಪ ರಾಮನಗರದಲ್ಲಿ ಒಂದು ರೇಷ್ಮೆ ಮಿಲ್ಲಿನ ವಾಚ್‌ಮನ್. ಮಿಲ್ಲಿನ ಹೆಸರು ಬೇಡ, ಈಗ ಅದೂ ಇಲ್ಲ. ಆವತ್ತು ರಾತ್ರಿ ಸೆಕೆಂಡ್ ಶಿಫ್ಟು ಮುಗಿಸಿ ನಮ್ಮ ಪಾಳ್ಯಕ್ಕೆ ನಡಕೊಂಡು ಬರ್ತಿದ್ದ. ಮಿಲ್ಲಿನ ಹಿಂದಿನ ಗೋಡೆ ಪಕ್ಕದಲ್ಲೇ ಕಾಲುದಾರಿ. ಅಲ್ಲೊಂದು ಆಲದ ಮರ, ಮರದ ಬುಡದಲ್ಲಿ ಬಾಯ್ಲರ್ ಬೂದಿ ಸುರಿದು ಮುಚ್ಚಿದ ಹಳೇ ಬಾವಿ. ಬೆಂದ ಹುಳದ ನಾತ ಗಾಳಿಯಲ್ಲಿ ಹಾಗೇ ನಿಂತಿತ್ತು. ಎಲೆ ಅಲುಗಾಡ್ತಿರಲಿಲ್ಲ. ಆಗ ಕೇಳಿಸ್ತು.

ಕಿರ್ರ್... ಕಿರ್ರ್...

ಬಾಗಿಲ ಸದ್ದಲ್ಲ, ಗಾಡಿ ಸದ್ದಲ್ಲ. ಹಸಿ ಬಿದಿರಿಗೆ ಹಗ್ಗ ಬಿಗಿದು, ಮೇಲೆ ಭಾರ ಬಿದ್ದಾಗ ಬರುತ್ತಲ್ಲ, ಅದು. ಚಟ್ಟಕ್ಕೆ ಹೆಗಲು ಕೊಟ್ಟವರಿಗೆ ಗೊತ್ತು. ಇವನು ನಿಂತರೆ ಅದೂ ನಿಲ್ತಿತ್ತು. ನಡೆದರೆ ಹಿಂದೆ ಬರ್ತಿತ್ತು. ಆಲದ ಮರದ ಹತ್ತಿರ ದಪ್ ಅಂತ ಏನೋ ನೆಲಕ್ಕೆ ಇಳೀತು. ಆಮೇಲೆ ಕಿವಿ ಪಕ್ಕದಲ್ಲೇ, ಉಸಿರಿಲ್ಲದ ದನಿ...

“ತಿರುಗ್ಸ್ಲಾ ಮರಿಯ...”

ದನಿ ಅವನಿಗೆ ಗೊತ್ತಿತ್ತು. ಅವನ ಸೋದರಮಾವ ದಾಸಪ್ಪನದು. ಹಿಂದಿನ ಸಂಜೆ ತಾನೇ ದಾಸಪ್ಪನನ್ನ ಮಣ್ಣು ಮಾಡಿ ಬಂದಿದ್ವಿ.

ತಿರುಗಿಸು ಅಂದರೇನು ಅಂತ ನಿಮಗೆ ಗೊತ್ತಾಗಲ್ಲ. ಈಗ ಹೆಣಾನೂ ವ್ಯಾನಿನಲ್ಲಿ ಹೋಗುತ್ತೆ. ಆಗ ಪಾಳ್ಯದಿಂದ ಹೊಳೆ ದಂಡೆಯ ಸುಡುಗಾಡಿಗೆ ನೇರ ಒಂದು ದಾರಿ, ಹೆಣ ಹೊರೋಕೇ ಇದ್ದ ದಾರಿ. ಅರ್ಧದಲ್ಲಿ ಒಂದು ಚಪ್ಪಡಿ ಕಲ್ಲು. ಮನೆಯಿಂದ ಅಲ್ಲೀತನಕ ಹೆಣದ ತಲೆ ಮುಂದೆ, ಕಾಲು ಹಿಂದೆ, ಅಂದರೆ ಮುಖ ಮನೆ ಕಡೆಗೆ. ಪಾಪ, ಕಡೇ ಸಾರಿ ನೋಡಿಕೊಳ್ಳಲಿ ಅಂತ. ಕಲ್ಲಿನ ಮೇಲೆ ಚಟ್ಟ ಇಳಿಸಿ, ತಿರುಗಿಸಿ, ಮುಖ ಸುಡುಗಾಡಿನ ಕಡೆಗೆ ಮಾಡಿ ಮತ್ತೆ ಎತ್ತೋದು. ಆಮೇಲೆ ಸತ್ತವರಿಗೆ ಮನೆ ದಾರಿ ಮರೆತುಹೋಗುತ್ತೆ.

ಮಿಲ್ಲು ಬಂದದ್ದು ಆ ದಾರಿಯ ಮೇಲೇ. ಜಮೀನು ಕೊಡುವಾಗ ದಾಸಪ್ಪ ಎರಡು ಮಾತು ಕೇಳಿದ್ದ. ತಂದೆಯಿಲ್ಲದ ಮರಿಯಪ್ಪನಿಗೆ ಕೆಲಸ ಕೊಡಬೇಕು, ಹೆಣದ ದಾರಿಗೆ ಗೇಟು ಬಿಡಬೇಕು. ಮಾಲೀಕರು ಒಪ್ಪಿದರು. ಪಾಳ್ಯದ ಕಡೆ ಒಂದು ಗೇಟು, ಹೊಳೆ ಕಡೆ ಒಂದು ಗೇಟು. ಕಲ್ಲು ಮಾತ್ರ ಒಳಗೆ ಉಳೀತು, ಬಾಯ್ಲರ್ ಮನೆ ಮುಂದೆ. ಯಾರಾದರೂ ಹೋದರೆ ಎರಡೂ ಗೇಟು ತೆಗೆಯೋರು. ನೂಲು ತೆಗೆಯೋರೆಲ್ಲ ಎದ್ದು ನಿಲ್ಲೋರು.

ಆಮೇಲೆ ಊರೇ ಬದಲಾಯ್ತು. ಮಿಲ್ಲಿನ ಮುಂದೆ ಲೈನ್ ಮನೆಗಳು ಬಂದ್ವು, ಹೋಟೆಲು ಬಂತು, ಬಸ್ ಸ್ಟಾಪು ಬಂತು. ಕನಕಪುರದಿಂದ, ಮಾಗಡಿ ಕಡೆಯಿಂದ ಜನ ಬಂದು ತುಂಬಿದರು. ನಮ್ಮ ಪಾಳ್ಯದೋರೂ ಹಳೇ ಬಾಗಿಲು ಮುಚ್ಚಿ, ಹಿತ್ತಿಲ ಗೋಡೆ ಒಡೆದು, ಮೈಸೂರು ರಸ್ತೆ ಕಡೆಗೆ ಹೊಸ ಬಾಗಿಲು ಇಟ್ಟರು. ಊರಿನ ಹಿಂದು ಮುಂದಾಯ್ತು, ಮುಂದು ಹಿಂದಾಯ್ತು. ಸೈರನ್ನು ಕೂಗಿದರೆ ಏಳೋದು, ಕೂಗಿದರೆ ಉಣ್ಣೋದು. ಬದುಕಿರೋರು ಹೊಸ ಊರಿಗೆ ಒಗ್ಗಿಕೊಂಡರು. ಸತ್ತವರಿಗೆ ಯಾರು ಹೇಳಿಕೊಡ್ತಾರೆ?

ಹೊಸ ಮ್ಯಾನೇಜರು ಬಂದ. ರೇಷ್ಮೆ ನೂಲಿನ ಲಡಿಗಳು ಕಳುವಾಗ್ತಿವೆ, ಹೆಣದ ಬಟ್ಟೆ ಅಡಿಯಲ್ಲಿಟ್ಟು ಸಾಗಿಸ್ತಾರೆ ಅಂದ. ಒಂದು ಸಾರಿ ಒಬ್ಬ ಮುದುಕಿಯ ಹೆಣ ಬಿಚ್ಚಿಸಿ ನೋಡಿದ. ಏನೂ ಸಿಗಲಿಲ್ಲ. ಥೂ, ಅವನ ಜನ್ಮಕ್ಕಿಷ್ಟು... ಆದರೂ ಎರಡೂ ಗೇಟಿಗೆ ಬೀಗ ಹಾಕಿಸಿದ. ಹೆಣ ಇನ್ನು ಮೇನ್ ರೋಡಿನಲ್ಲಿ ಸುತ್ತಿಕೊಂಡು ಹೋಗಲಿ ಅಂದ. ಬೀಗದ ಕೈ ಮರಿಯಪ್ಪನ ಸೊಂಟದಲ್ಲಿ. ಅವನಿನ್ನೂ ಟೆಂಪರ್ವರಿ. ಖಾಯಂ ಮಾಡ್ತೀನಿ, ಕ್ವಾರ್ಟರ್ಸು ಕೊಡ್ತೀನಿ ಅಂತ ಮ್ಯಾನೇಜರು ಆಸೆ ಹಚ್ಚಿದ್ದ. ಮನೆಯಲ್ಲಿ ಹೆಂಡತಿ ವೆಂಕಟಲಕ್ಷ್ಮಮ್ಮ ತುಂಬಿದ ಬಸುರಿ.

ಅಷ್ಟರಲ್ಲಿ ದಾಸಪ್ಪ ಹಾಸಿಗೆ ಹಿಡಿದ. ಮಕ್ಕಳಿರಲಿಲ್ಲ, ಸಾಕಿದ್ದು ಮರಿಯಪ್ಪನನ್ನೇ. ಸಾಯೋ ಮುಂಚೆ ಅವನ ಕೈ ಹಿಡಿದು ಕೇಳಿದ್ದು ಒಂದೇ ಮಾತು.

“ಆ ದಾರೀಲೇ ಎತ್ಕೊಂಡೋಗ್ಲಾ. ಮೇನ್ ರೋಡು ನಂಗೊತ್ತಿಲ್ಲ ಕಣ್ಲಾ.”

ಮರಿಯಪ್ಪ ಆಗಲಿ ಮಾವ ಅಂದ. ಕೈ ಮೇಲೆ ಕೈ ಇಟ್ಟ.

ಸಂಜೆ ಚಟ್ಟ ಗೇಟಿಗೆ ಬಂತು. ಮುಂದಿನ ಬಲ ಹೆಗಲು ಶುಕೂರ್ ಸಾಹೇಬರದು. ಅದೇ ಮಿಲ್ಲಿನಲ್ಲಿ ನೂಲು ತೆಗೆಯೋರು, ದಾಸಪ್ಪನ ಜೊತೆ ನಿತ್ಯ ಎಲೆ ಅಡಿಕೆ ಹಂಚಿಕೊಂಡವರು. ಒಳಗೆ ಮರಿಯಪ್ಪ, ಅವನ ಬೆನ್ನ ಹಿಂದೆ ಮ್ಯಾನೇಜರು. ಮರಿಯಪ್ಪ ಬೀಗ ತೆಗೆಯಲಿಲ್ಲ. ತಲೆ ಬಗ್ಗಿಸಿ ನಿಂತ. ಜನ ಗೇಟು ತಳ್ಳಿದರು, ಚಿಲಕ ಕಿತ್ತು ಬಂತು. ಹೊಡಿ ಅಂತ ಹಿಂದಿನಿಂದ ಮ್ಯಾನೇಜರ ಕೂಗು ಬಿತ್ತು.

ಹೊಡೆದ ರೀ. ದೇವರಾಣೆ, ಹೊಡೆದ. ಮರಿಯಪ್ಪನ ಲಾಠಿಯ ಮೊದಲ ಏಟು ಶುಕೂರ್ ಸಾಹೇಬರ ಹೆಗಲಿಗೆ. ಲಟಕ್ ಅಂತ ಎಲುಬು ಮುರಿದ ಸದ್ದು ನಮಗೆಲ್ಲ ಕೇಳಿಸ್ತು. ಅವರು ಕುಸಿದರು, ಚಟ್ಟ ವಾಲಿತು, ಹಗ್ಗ ಜಾರಿ ಹೆಣ ಮಣ್ಣಿಗೆ ಉರುಳಿತು. ಎತ್ತಿದ್ದ ಎರಡನೇ ಏಟು ತಡೆಯೋಕಾಗದೆ ಇಳೀತು... ದಾಸಪ್ಪನ ಹಣೆ ಮೇಲೆ. ಒಣ ಸೋರೆಬುರುಡೆಗೆ ಹೊಡೆದಂಥ ಸದ್ದು. ಚರ್ಮ ಬಿರೀತು. ರಕ್ತ ಬರಲಿಲ್ಲ. ಸತ್ತವನಿಗೆ ಎಲ್ಲಿಂದ ಬರಬೇಕು.

ಚಿಲಕ ಕಿತ್ತಿದ್ದರೂ ಇನ್ನು ಒಳಗೆ ಹೋಗೋಕೆ ಯಾರಿಗೂ ಮನಸ್ಸು ಬರಲಿಲ್ಲ. ಆಮೇಲೆ ಕತ್ತಲಾಗುತ್ತೆ ಅಂತ ಗಡಿಬಿಡಿಯಲ್ಲಿ ಎತ್ತಿಕೊಂಡು, ಲಾರಿಗಳ ನಡುವೆ ಮೇನ್ ರೋಡು ಸುತ್ತಿ ಹೋದ್ವಿ. ಎಲ್ಲೂ ಇಳಿಸಲಿಲ್ಲ. ತಿರುಗಿಸಲೂ ಇಲ್ಲ. ಮಾರನೇ ಬೆಳಿಗ್ಗೆ ಮ್ಯಾನೇಜರು ಪಾಳ್ಯದ ಕಡೆ ಗೇಟನ್ನೇ ಇಟ್ಟಿಗೆ ಇಟ್ಟು ಮುಚ್ಚಿಸಿಬಿಟ್ಟ.

ಆ ರಾತ್ರಿ ಆಲದ ಮರದ ಹತ್ತಿರ ಮರಿಯಪ್ಪ ಕೇಳಿದ್ದು ಇದನ್ನೇ. ತಿರುಗ್ಸ್ಲಾ.

ಅವನು ಮನೆಗೆ ಓಡಿದ. ಯಾರಿಗೂ ಹೇಳಲಿಲ್ಲ. ಮರುದಿನ ರಾತ್ರಿ ಸದ್ದು ಮನೆ ಹಿಂದೆ ಬಂತು, ಮುಚ್ಚಿದ ಹಳೇ ಬಾಗಿಲ ಹತ್ತಿರ. ದಬ್... ದಬ್... ಕೋಲಲ್ಲಿ ಗೋಡೆ ಕುಟ್ಟೋ ಸದ್ದು. ಅದರ ಮಾರನೇ ರಾತ್ರಿ ಅದು ಒಳಗಿತ್ತು. ನಿದ್ದೆಯಲ್ಲಿದ್ದ ವೆಂಕಟಲಕ್ಷ್ಮಮ್ಮ ಕಿರುಚಿ ಎದ್ದಳು. ದೀಪ ಹಚ್ಚಿ ನೋಡಿದರೆ ತೋಳಿನ ಮೇಲೆ ಲಾಠಿ ದಪ್ಪದ ಬಾಸುಂಡೆ. ಹೊಟ್ಟೆಗೆ ಅಡ್ಡ ಇಟ್ಟುಕೊಂಡಿದ್ದ ತೋಳು ಅದು.

ಮರಿಯಪ್ಪ ಬೆಳಗಾಗೋದನ್ನೂ ಕಾಯದೆ ದಾಸಪ್ಪನ ಹೆಂಡತಿ ಸರಸಮ್ಮನ ಕಾಲ ಮೇಲೆ ಬಿದ್ದ. ಆಕೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

“ಅವ್ರೇನು ಕೆಟ್ಟೋರಲ್ಲ ಕಣಪ್ಪ,” ಅಂದಳು. “ತಿರುಗ್ಸದೆ ಇರೋ ಹೆಣಕ್ಕೆ ಮನೆ ಗೊತ್ತಾಯ್ತದೆ, ಮನೆಯೋರು ಗೊತ್ತಾಗಾಕಿಲ್ಲ. ಕಲ್ಲಿನ್ ತಾವ ತಿರುಗ್ಸಿ ಬನ್ನಿ.”

ದಾಸಪ್ಪ ಹೆಗಲಿಗೆ ಹಾಕ್ತಿದ್ದ ಹಳೇ ವಲ್ಲಿ ಕೊಟ್ಟಳು. ಖಾಲಿ ಚಟ್ಟ ಕಟ್ಟಿ, ಮೇಲೆ ವಲ್ಲಿ ಹಾಸಿ, ಅವನೇ ಇದ್ದಾನೆ ಅಂದುಕೊಂಡು ಹೊರಬೇಕು. ಮಿಲ್ಲಿಗೆ ವಾರದ ರಜೆ ಇದ್ದ ರಾತ್ರಿ ಹೊರಟ್ವಿ. ಮರಿಯಪ್ಪ, ನಾನು, ಪಾಳ್ಯದ ಇನ್ನಿಬ್ಬರು. ಶುಕೂರ್ ಸಾಹೇಬರು ಮುರಿದ ಹೆಗಲಿಗೆ ಬಟ್ಟೆ ಕಟ್ಟಿಕೊಂಡು ಲಾಟೀನು ಹಿಡಿದು ಬಂದರು. ಬರಬೇಡಿ ಅಂದರೂ ಕೇಳಲಿಲ್ಲ. ಮರಿಯಪ್ಪ ಅವರ ಮುಖ ನೋಡೋಕಾಗದೆ ಅತ್ತ. ಅವರು ಅವನ ಬೆನ್ನು ತಟ್ಟಿದರು, ಅಷ್ಟೆ.

ಪಾಳ್ಯದ ಕಡೆ ಇಟ್ಟಿಗೆ ಗೋಡೆ. ಇದ್ದ ದಾರಿ ಹೊಳೆ ಕಡೆ ಗೇಟು ಒಂದೇ. ಮೇನ್ ರೋಡು ಸುತ್ತಿ, ಹೊಳೆ ದಂಡೆಗೆ ಇಳಿದು, ಆ ಗೇಟಿನ ಬೀಗ ತೆಗೆದು ಒಳಗೆ ಹೋದ್ವಿ. ಬಾಯ್ಲರು ಆರಿತ್ತು. ಒಳಗೆಲ್ಲೋ ನೀರು ತೊಟ್ಟಿಕ್ಕೋ ಸದ್ದು, ಟಪ್... ಟಪ್... ಕಲ್ಲಿನ ಮೇಲೆ ಚಟ್ಟ ಇಳಿಸಿದ್ವಿ. ಇಳಿಸುವಾಗ ಖಾಲಿ ಚಟ್ಟ ಭಾರ ಇತ್ತು. ಅಪ್ಪ, ತಾತ ಮಾಡಿದ ಹಾಗೇ ಅದನ್ನ ಪೂರ್ತಿ ತಿರುಗಿಸಿದ್ವಿ. ಮರಿಯಪ್ಪ ಕೈ ಮುಗಿದ.

ಎತ್ತಿದಾಗ ಚಟ್ಟ ಹಗುರ. ಹತ್ತಿಯಷ್ಟು ಹಗುರ. ಮುಗೀತಪ್ಪ ಅಂದುಕೊಂಡೆ.

ಶುಕೂರ್ ಸಾಹೇಬರು ಮಾತ್ರ ಅಲ್ಲೇ ನಿಂತಿದ್ದರು. ಲಾಟೀನು ಮೇಲೆತ್ತಿ ಇಟ್ಟಿಗೆ ಗೋಡೆ ನೋಡಿದರು. ತಿರುಗಿ ಹೊಳೆ ಗೇಟು ನೋಡಿದರು. ಪಿಸುಮಾತಿನಲ್ಲಿ ಕೇಳಿದರು.

“ಮರಿಯಪ್ಪ... ನಾವು ಯಾವ ಕಡೆಯಿಂದ ಬಂದ್ವಿ?”

ಆಗ ಹೊಳೀತು. ಮೊದಲೆಲ್ಲ ಮನೆ ಕಡೆಯಿಂದ ಬಂದು ತಿರುಗಿಸ್ತಿದ್ವಿ, ಮುಖ ಸುಡುಗಾಡಿಗೆ ಆಗ್ತಿತ್ತು. ಈಗ ಬಂದದ್ದು ಸುಡುಗಾಡಿನ ಕಡೆಯಿಂದ. ಹಳೇ ಅಭ್ಯಾಸದಲ್ಲಿ ಹಾಗೇ ತಿರುಗಿಸಿದ್ವಿ. ದಾಸಪ್ಪನ ಮುಖವನ್ನ ನಾವೇ ಪಾಳ್ಯದ ಕಡೆಗೆ ಮಾಡಿ, ಕೈ ಮುಗಿದು ಕಳಿಸಿದ್ವಿ.

ಕಿರ್ರ್... ಕಿರ್ರ್...

ಸದ್ದು ಗೋಡೆಯ ಆಚೆಯಿತ್ತು. ಪಾಳ್ಯದ ಕಡೆಗೆ ಓಡ್ತಿತ್ತು.

ಮರಿಯಪ್ಪ ಚಟ್ಟ ಎಸೆದು ಗೋಡೆ ಹತ್ತಿದ. ಮೇಲೆ ಗಾಜಿನ ಚೂರು ನೆಟ್ಟಿದ್ದರು. ಕೈ ಸೀಳಿ ರಕ್ತ ಇಟ್ಟಿಗೆ ಮೇಲೆ ಸುರೀತು, ಅವನಿಗೆ ಗೊತ್ತೇ ಇಲ್ಲ. ಆಚೆ ಧುಮುಕಿ ಓಡಿದ. ನಾವು ಹಿಂದೆ ಓಡಿದ್ವಿ. ನಾವು ಹೋಗೋ ಹೊತ್ತಿಗೆ ಅವನ ಮನೆ ಬಾಗಿಲು ಒಳಗಿಂದ ಬಿಗಿದಿತ್ತು. ಅಕ್ಕಪಕ್ಕದೋರು ಅಂಗಳದಲ್ಲಿ ನಿಂತಿದ್ದರು. ಒಳಗೆ ಏಟಿನ ಸದ್ದು. ಥಡ್. ಸ್ವಲ್ಪ ಹೊತ್ತು. ಥಡ್. ನಡುವೆ ಮರಿಯಪ್ಪನ ದನಿ, ಅಳು ಬೆರೆತದ್ದು.

“ನಾನೇ ಮಾವ... ಮರಿಯ. ಅವಳ್ನ ಮುಟ್ಬ್ಯಾಡ. ಹೊಡೆದೋನು ನಾನು, ನನ್ನ ಹೊಡಿ.”

ಲಟಕ್. ಆ ಸದ್ದು ನನಗೆ ಗೊತ್ತಿತ್ತು. ಆಮೇಲೆ ಸೋರೆಬುರುಡೆ ಸದ್ದು. ಆಮೇಲೆ ಏನೂ ಇಲ್ಲ...

ಬಾಗಿಲು ತಾನೇ ಬಿಟ್ಟುಕೊಂಡಿತು. ವೆಂಕಟಲಕ್ಷ್ಮಮ್ಮ ಮೂಲೆಯಲ್ಲಿದ್ದಳು, ಮೈ ಮೇಲೆ ಒಂದು ಗೀರಿಲ್ಲ. ಮರಿಯಪ್ಪ ಅವಳ ಮುಂದೆ ಎರಡೂ ಕೈ ಅಗಲಿಸಿಕೊಂಡೇ ಬಿದ್ದಿದ್ದ. ಬಲ ಹೆಗಲಿನ ಎಲುಬು ಮುರಿದಿತ್ತು. ಹಣೆ ನಡುವೆ ಬಿರಿದಿತ್ತು. ಇವನಿಗೆ ರಕ್ತ ಬಂದಿತ್ತು, ಗೋಡೆತನಕ ಹರಿದಿತ್ತು. ಯಾರೂ ಕಾಣಲಿಲ್ಲ, ಗಾಳಿಯೇ ಹೊಡೀತಿತ್ತು ಅಂದಳು ಅವಳು. ಕೊನೇ ಏಟು ಬಿದ್ದ ಮೇಲೆ ಯಾರೋ ಮುದುಕರು ಬಿಕ್ಕಿ ಬಿಕ್ಕಿ ಅತ್ತರು ಅಂದಳು. ಆಗ ದಾಸಪ್ಪನಿಗೆ ಗುರುತು ಸಿಕ್ಕಿರಬೇಕು ಅಂತ ನನ್ನ ಮನಸ್ಸು ಹೇಳುತ್ತೆ.

ಪೊಲೀಸರು ಕಳ್ಳರ ಕೆಲಸ ಅಂದರು. ಅನ್ನಲಿ.

ಮಾರನೇ ದಿನ ಮಿಲ್ಲಿನಲ್ಲಿ ಸೈರನ್ನು ಕೂಗಲಿಲ್ಲ. ನೂಲು ತೆಗೆಯೋ ಹೆಂಗಸರು, ಬಾಯ್ಲರಿನೋರು, ಎಲ್ಲ ಸೇರಿ ಆ ಇಟ್ಟಿಗೆ ಗೋಡೆ ಒಡೆದು ಹಾಕಿದರು. ಮ್ಯಾನೇಜರು ಆಫೀಸು ಬಿಟ್ಟು ಹೊರಗೆ ಬರಲಿಲ್ಲ. ಮರಿಯಪ್ಪನ ಚಟ್ಟ ಪಾಳ್ಯದಿಂದ ನೇರ ಹಳೇ ದಾರಿಯಲ್ಲೇ ಒಳಗೆ ಬಂತು, ತಲೆ ಮುಂದೆ, ಕಾಲು ಹಿಂದೆ. ನಾನು ಹಿಂದಿನ ಎಡ ಹೆಗಲು. ದಾರಿಯುದ್ದಕ್ಕೂ ನನ್ನ ಕಣ್ಣ ಮುಂದಿದ್ದದ್ದು ಅವನ ಪಾದ, ಹೆಬ್ಬೆರಳಿಗೆ ಕಟ್ಟಿದ್ದ ದಾರ. ಕಲ್ಲಿನ ಮೇಲೆ ಇಳಿಸಿದ್ವಿ. ಬೆವರು ಒರೆಸಿಕೊಂಡು, ತಿರುಗಿಸೋಣ ಅಂತ ನಾಲ್ವರೂ ಬಗ್ಗಿದ್ವಿ.

ನನ್ನ ಮುಂದೆ ಇದ್ದದ್ದು ಅವನ ತಲೆ. ಬಿರಿದ ಹಣೆ, ಅದರ ಮೇಲೆ ಸರಸಮ್ಮ ಒತ್ತಿದ್ದ ಅರಿಶಿನ. ಕಾಲು ಆಚೆ, ಹೊಳೆ ಕಡೆಗಿತ್ತು.

ಹಗಲು ಹೊತ್ತು, ಸುತ್ತ ಇಡೀ ಮಿಲ್ಲು ನಿಂತಿತ್ತು. ಬೇಕಾದರೆ ಪಾಳ್ಯದಲ್ಲಿ ಯಾರನ್ನಾದರೂ ಕೇಳಿ. ಇಳಿಸಿದ ಮೇಲೆ ನಾವು ಯಾರೂ ಚಟ್ಟ ಮುಟ್ಟಿರಲಿಲ್ಲ.